ಎಣ್ಣೆ ಹಚ್ಚಿದ ಮೇಟಿ

ಬುದ್ಧಿ ಬಂದ ಮೇಲೆ ನಾನು ಒಂದೇ ಒಂದು ಸಲ ಲಾಗ ಹಾಕಿದ್ದೇನೆ. ಅದೂ ನೆಟ್ಟಗೆ ಬೀಳಲಿಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಮೇಲು. ಏಕೆಂದರೆ ರಾಯದುರ್ಗದಲ್ಲಿ ನಾನಿರುವ ಓಣಿಯವರೆಲ್ಲ ನನ್ನನ್ನು ಕರೆಯುವುದು ಡ್ರಿಲ್ ಮೇಷ್ಟ್ರು ಎಂದು. ಬೇಸಿಗೆ ರಜೆ ಬಂತೆಂದರೆ ಸಾಕು, ಒಬ್ಬರಲ್ಲ ಒಬ್ಬರು ತಾಯಂದಿರು ಮಗನ ರಟ್ಟೆ ಹಿಡಿದುಕೊಂಡು ಬಾಗಿಲಿಗೆ ಬರುತ್ತಾರೆ. "ಮೇಷ್ಟ್ರ, ಇವನಿಗೆ ಏನರ ಕಸರತ್ತು ಕಲಸ್ರಿ. ಮನ್ಯಾಗ ಇವನ ಕಾಟ ತಡಿಯಾಕ ಆಗವಲ್ದು ನೋಡ್ರಿ" ಎನ್ನುತ್ತಾರೆ. ನಾನು ಗಂಭೀರವಾಗಿ ತಲೆಯಾಡಿಸುತ್ತೇನೆ. ಹುಡುಗ ನನ್ನ ಹೊಟ್ಟೆಯನ್ನು ಒಮ್ಮೆ, ಮುಖವನ್ನು ಒಮ್ಮೆ ನೋಡುತ್ತಾನೆ. ಅವನಿಗೆ ಆಗಲೇ ಅನುಮಾನ ಬಂದಿರುತ್ತದೆ.

ನಾನು ಡ್ರಿಲ್ ಮೇಷ್ಟ್ರಾದದ್ದಕ್ಕೆ ನನ್ನ ಮೈಕಟ್ಟು ಕಾರಣವಲ್ಲ. ಬೋರ್ಡು ಶಾಲೆಯಲ್ಲಿ ಎಲ್ಲರಿಗಿಂತ ಕೊನೆಗೆ ಬಂದು ಸೇರಿದವನ ಕೊರಳಿಗೆ ಸೀಟಿ ಬೀಳುವುದು ವಾಡಿಕೆ. ಹಳಬರಿಗೆ ನೆರಳು, ಹೊಸಬನಿಗೆ ಬಿಸಿಲು. ಟ್ರೈನಿಂಗ್ ಸ್ಕೂಲಿನಲ್ಲಿ ಕಲಿತ ಇಂಗ್ಲಿಷ್ ಆಜ್ಞೆಗಳೆಲ್ಲ ನನಗೆ ಬಾಯಿಪಾಠವಾಗಿದ್ದವು. ನಮ್ಮ ಶಾಲೆಯ ಅರ್ಧ ಮಕ್ಕಳು ಮನೆಯಲ್ಲಿ ಕನ್ನಡ ಆಡುವವರು, ಇನ್ನರ್ಧ ತೆಲುಗಿನವರು. ಇಂಗ್ಲಿಷ್ ಯಾರಿಗೂ ತಿಳಿಯುತ್ತಿರಲಿಲ್ಲವಾದ್ದರಿಂದ ಯಾರಿಗೂ ಅನ್ಯಾಯವಾಗುತ್ತಿರಲಿಲ್ಲ. ಮನುಷ್ಯ ತನ್ನ ಅರ್ಧ ಬಲ ಖರ್ಚಾಗುವವರೆಗೆ ಮಾತ್ರ ವ್ಯಾಯಾಮ ಮಾಡಬೇಕೆಂದು ನಮ್ಮ ಆಯುರ್ವೇದದವರು ಹೇಳುತ್ತಾರಂತೆ. ಸೀಟಿ ಊದುವ ಹೊತ್ತಿಗೇ ನನ್ನ ಅರ್ಧ ಬಲ ಮುಗಿದಿರುತ್ತಿತ್ತು. ಶಾಸ್ತ್ರ ಮೀರುವುದು ಬೇಡವೆಂದು ನಾನು ಅಲ್ಲಿಗೇ ನಿಲ್ಲಿಸುತ್ತಿದ್ದೆ.

ನಿಜವಾದ ಕಸರತ್ತನ್ನು ನಾನು ಕಂಡದ್ದು ಬೆಟ್ಟದ ಬುಡದ ಗರಡಿಯಲ್ಲಿ. ಸಂಜೆ ಆ ಕಡೆ ತಿರುಗಾಡಲು ಹೋದಾಗ ಬಾಗಿಲ ಹೊರಗೆ ನಿಂತು ನೋಡುತ್ತಿದ್ದೆ. ಒಳಗೆ ಒಂದು ಮಲ್ಲಗಂಬ. ಹುಡುಗರು ಅದಕ್ಕೆ ಉಡದ ಹಾಗೆ ಅಂಟಿಕೊಂಡು ಏರುತ್ತಿದ್ದರು, ತಲೆಕೆಳಗಾಗಿ ಇಳಿಯುತ್ತಿದ್ದರು. ಕಂಬ ಹರಳೆಣ್ಣೆ ಕುಡಿದು ಕುಡಿದು ಕರ್ರಗೆ ಮಿಂಚುತ್ತಿತ್ತು. ಒಮ್ಮೆ ಅಲ್ಲಿ ಕಸರತ್ತು ಕಲಿಸುವ ವಸ್ತಾದ ನನ್ನನ್ನು ಕಂಡು, "ಯಾಕ್ರಿ ಮೇಷ್ಟ್ರ, ಹೊರಗ ನಿಂತೀರಿ? ಒಳಗ ಬರ್ರಿ, ನೀವೂ ಒಂದು ಕೈ ನೋಡ್ರಿ" ಎಂದ. ನಾನು ಮಾತು ಮರೆಸಲು ಕಂಬಕ್ಕೆ ಎಣ್ಣೆ ಯಾಕೆಂದು ಕೇಳಿದೆ. "ಹಚ್ಚಲಿಲ್ಲಂದ್ರ ತೊಡಿ ಚರ್ಮ ಕಂಬಕ್ಕ ಉಳೀತದ್ರಿ" ಎಂದು ಆತ ನಕ್ಕ. ಕಸರತ್ತಿನ ಬಗ್ಗೆ ನನಗೆ ಗಟ್ಟಿಯಾಗಿ ತಿಳಿದದ್ದು ಅದೊಂದೇ ಮಾತು. ಆ ಒಂದು ಮಾತಿನಿಂದ ಏನೇನಾಯಿತು ಎಂಬುದನ್ನೇ ಈಗ ಹೇಳಹೊರಟಿದ್ದೇನೆ.

ಅದು ಯುದ್ಧದ ಕಾಲ. ಪೆಟ್ರೋಲು ಸಿಕ್ಕದೆ ಬಸ್ಸುಗಳು ಇದ್ದಿಲು ತಿಂದು ಓಡುತ್ತಿದ್ದವು. ಓಡುತ್ತಿದ್ದವು ಎನ್ನುವುದು ಮರ್ಯಾದೆಯ ಮಾತು. ರಜೆ ಬಿಟ್ಟ ಮೇಲೆ ಅಂಥ ಬಸ್ಸಿನಲ್ಲಿ ಕೂತು, ಏರು ಬಂದಲ್ಲೆಲ್ಲ ಇಳಿದು ತಳ್ಳಿ, ಮೈಯೆಲ್ಲ ಮಸಿಯಾಗಿ ಮಡಕಶಿರಾದ ಹತ್ತಿರದ ನಮ್ಮ ಹಳ್ಳಿಗೆ ಹೋದೆ. ಅಲ್ಲಿ ಅವ್ವ, ಅಣ್ಣ, ಅತ್ತಿಗೆ ಇದ್ದರು. ಅಣ್ಣನಿಗೆ ರಾಗಿ, ಕಡಲೆಕಾಯಿಯ ಬೇಸಾಯ. ರಜೆಗೆಂದು ನನ್ನ ಇಬ್ಬರು ಅಕ್ಕಂದಿರ ಮಕ್ಕಳೆಲ್ಲ ಆಗಲೇ ಬಂದು ಮನೆ ತುಂಬಿದ್ದರು. ಹೆಣ್ಣುಮಕ್ಕಳ ಮಕ್ಕಳನ್ನು ಬರಬೇಡಿ ಎನ್ನುವ ಅಜ್ಜಿ ನಮ್ಮ ಸೀಮೆಯಲ್ಲಿ ಇನ್ನೂ ಹುಟ್ಟಿಲ್ಲ. ಆದರೆ ಆ ವರ್ಷ ಹಾಗೆ ಹೇಳಿದ್ದರೂ ಯಾರೂ ತಪ್ಪು ತಿಳಿಯುತ್ತಿರಲಿಲ್ಲ.

ಅತ್ತಿಗೆ ತುಂಬು ಬಸುರಿ. ಹಿಂದೆ ಎರಡು ಸಲ ತವರಿಗೆ ಹೋಗಿದ್ದಳು, ಎರಡು ಸಲವೂ ಬರಿಗೈಯಲ್ಲಿ ಬಂದಿದ್ದಳು. ಹಾಗೆ ಬಂದವಳು ತಿಂಗಳುಗಟ್ಟಲೆ ಯಾರ ಜೊತೆಗೂ ಮಾತಾಡುತ್ತಿರಲಿಲ್ಲ. ಈ ಸಲ ಸೂಲಗಿತ್ತಿ ಮುದ್ದಮ್ಮ ಕಡ್ಡಿ ಮುರಿದ ಹಾಗೆ ಹೇಳಿದ್ದಳು: "ಗಾಡಿ ಹತ್ತಂಗಿಲ್ಲ, ಬಿಂದ್ಗೆ ಎತ್ತಂಗಿಲ್ಲ. ಮದ್ಯಾನದ ನಿದ್ದೆ ಒಂದಿನವೂ ತಪ್ಪಂಗಿಲ್ಲ. ಮೈಯಾಗೆ ಒಸಿನೂ ಸಕ್ತಿ ಇಲ್ಲ ಇವಳಿಗೆ." ಹೀಗಾಗಿ ಅತ್ತಿಗೆ ನಮ್ಮ ಮನೆಯಲ್ಲೇ, ನಡುಮನೆಯ ಪಕ್ಕದ ಕೋಣೆಯಲ್ಲಿ ಮಲಗಿದ್ದಳು. ಹಳೆಯ ತೊಟ್ಟಿಲು ಅಟ್ಟದ ಮೇಲೆ ಮಕಾಡೆ ಬಿದ್ದಿತ್ತು. ಅದನ್ನು ಇಳಿಸುವ ಮಾತು ಯಾರ ಬಾಯಲ್ಲೂ ಇಲ್ಲ. ಅಣ್ಣನಂತೂ ಅಟ್ಟದ ಕಡೆ ತಲೆಯೆತ್ತಿಯೂ ನೋಡುತ್ತಿರಲಿಲ್ಲ.

ನಮ್ಮದು ಮಣ್ಣಿನ ಮಾಳಿಗೆಯ ಮನೆ. ಮಾಳಿಗೆಯ ಮೇಲೆ ಬೆಕ್ಕು ಓಡಿದರೂ ಕೆಳಗೆ ಮಲಗಿದವರ ಮುಖಕ್ಕೆ ಮಣ್ಣು ಉದುರುತ್ತದೆ. ಇನ್ನು ಮಕ್ಕಳು ಓಡಿದರೆ ಕೇಳಬೇಕೆ? ಊರಿನಲ್ಲಿ ಇಷ್ಟು ಬಯಲಿದ್ದೂ ಅವಕ್ಕೆ ಓಡಲು ನಮ್ಮ ಮಾಳಿಗೆಯೇ ಬೇಕು. ಅವುಗಳ ಮುಂದಾಳು ನನ್ನ ದೊಡ್ಡಕ್ಕನ ಮಗಳು ಗಂಗಿ. ಮಾತಿನಲ್ಲೂ ಮರ ಹತ್ತುವುದರಲ್ಲೂ ಅವಳನ್ನು ಮೀರಿಸುವವರಿರಲಿಲ್ಲ. ನಾನು ಹೋದ ದಿನವೇ ಅವ್ವ ಮುದ್ದೆ ಬಡಿಸುತ್ತ ಹೇಳಿದಳು: "ನೋಡಪ್ಪಾ, ನಿನ್ನ ಸಾಲೇಲಿ ಅಷ್ಟೊಂದು ಹುಡುಗ್ರನ್ನ ಆಡಿಸ್ತೀಯಂತೆ. ಇವ್ರನ್ನ ಮದ್ಯಾನವೆಲ್ಲ ಮನೆ ತಾವ ಸುಳೀದಂಗೆ ಇಟ್ಕ. ಇನ್ನೇನೂ ಕೇಳಲ್ಲ ನಾನು. ಅವಳೊಬ್ಬಳು ನಿದ್ದೆ ಮಾಡ್ಲಿ."

ಅಷ್ಟು ದಿನ ನಾನು ಸಂಬಳಕ್ಕಾಗಿ ಮಕ್ಕಳನ್ನು ಕುಣಿಸಿದ್ದೆ. ಈಗ ಮೊದಲ ಸಲ ಒಬ್ಬರ ನಿದ್ದೆಗಾಗಿ ಕುಣಿಸಬೇಕಾಗಿತ್ತು.

ಜಾಗವೇನೋ ಸಿಕ್ಕಿತು. ಊರಾಚೆ ದೊಡ್ಡ ಹುಣಸೆಮರದ ನೆರಳಲ್ಲಿ ನಮ್ಮ ಕಣ. ಸಗಣಿ ಬಳಿದು ಗಟ್ಟಿಯಾದ ನೆಲ, ಸುತ್ತ ರಾಗಿಹುಲ್ಲಿನ ಮೆದೆ, ನಡುವೆ ಮೇಟಿ. ಒಕ್ಕಣೆಯ ಎತ್ತುಗಳು ಈ ಕಂಬವನ್ನೇ ಸುತ್ತುವುದು. ಹಗ್ಗ ತಿಕ್ಕಿ ತಿಕ್ಕಿ ಅದು ಕೈಯಿಟ್ಟರೆ ಜಾರುವಷ್ಟು ನುಣುಪಾಗಿತ್ತು. ಆ ವರ್ಷ ಒಕ್ಕಣೆ ತಡವಾಗಿ ಮುಗಿದದ್ದರಿಂದ ಅಣ್ಣ ಅದನ್ನು ಕಿತ್ತಿರಲಿಲ್ಲ. ನನಗೆ ರಾಯದುರ್ಗದ ಮಲ್ಲಗಂಬ ಕಣ್ಣ ಮುಂದೆ ಬಂತು. ಆದರೆ ಮೇಟಿ ಪೂಜೆಯ ಕಂಬ, ಕಾಲು ತಾಗಿಸಬಹುದೋ ಇಲ್ಲವೋ ಎಂದು ಅವ್ವನನ್ನು ಕೇಳಿದೆ. ಅವ್ವ ಇಂಥ ವಿಷಯಗಳಲ್ಲಿ ಹೈಕೋರ್ಟು. "ಒಕ್ಕಣೆ ಮುಗಿಯೋಗಂಟ ಅದು ದ್ಯಾವ್ರು. ಆಮ್ಯಾಕೆ ಬರೀ ಕಂಬ. ಹತ್ಕಳ್ಳಿ ಬಿಡು" ಎಂದಳು. ದೇವರಿಗೂ ಬೇಸಿಗೆ ರಜೆ ಇದೆಯೆಂದು ನನಗೆ ಸಂತೋಷವಾಯಿತು.

ಕಂಬದ ಸುತ್ತ ರಾಗಿಹುಲ್ಲನ್ನು ಮಂಡಿಯುದ್ದ ಹಾಸಿದೆ. ದನ ತಿನ್ನುವ ಹುಲ್ಲಿನ ಮೇಲೆ ಮಕ್ಕಳು ಉರುಳುವುದನ್ನು ಬೇಸಿಗೆಯಲ್ಲಿ ಯಾವ ರೈತನೂ ಸಹಿಸುವುದಿಲ್ಲ. ಅಣ್ಣ ಬಂದು ಹುಲ್ಲನ್ನು ನೋಡಿದ, ಮನೆಯ ಕಡೆ ಒಮ್ಮೆ ನೋಡಿದ, ಹೋದ. ಮಾರನೆಯ ದಿನ ಅವನೇ ಇನ್ನೊಂದು ಹೊರೆ ತಂದು ಹಾಕಿದ.

ಮಕ್ಕಳಿಗೆ ಲಾಗ ಹಾಕುವುದನ್ನು ನಾನು ಕಲಿಸಿದೆನೆಂದು ಹೇಳುವುದು ಮೀನಿಗೆ ಈಜು ಕಲಿಸಿದೆ ಎಂದ ಹಾಗೆ. ನಾನು ಸೀಟಿ ಊದಿದೆ, ಅವು ಉರುಳಿದವು. ಮುಂದಕ್ಕೆ ಲಾಗ, ಹಿಂದಕ್ಕೆ ಲಾಗ, ಕೈ ಮೇಲೆ ನಡಿಗೆ, ಮೇಟಿ ಹತ್ತಿ ಇಳಿಯುವ ಆಟ, ಗಾಡಿ ಚಕ್ರದ ಹಾಗೆ ಅಡ್ಡಡ್ಡ ಉರುಳಾಟ, ಒಬ್ಬರ ಹೆಗಲ ಮೇಲೊಬ್ಬರು ನಿಲ್ಲುವ ಗೋಪುರ. ಗೋಪುರದ ತುದಿಗೆ ಗಂಗಿ. "ಮಾವಾ, ನೀನೂ ಒಂದು ಹಾಕು" ಎಂದು ಅವಳು ದಿನಕ್ಕೊಂದು ಸಲವಾದರೂ ಪೀಡಿಸುತ್ತಿದ್ದಳು. ಮೇಷ್ಟ್ರಾದವನು ಹೇಳಿಕೊಡಬೇಕು, ತಾನೇ ಹಾಕಬಾರದು, ಅದು ಸರ್ಕಾರದ ರೂಲು ಎಂದು ನಾನು ತಪ್ಪಿಸಿಕೊಳ್ಳುತ್ತಿದ್ದೆ. ಬಿಸಿಲಿಳಿದು ಮನೆಗೆ ಬರುವ ಹೊತ್ತಿಗೆ ಮಕ್ಕಳಿಗೆ ಮಾಳಿಗೆಯ ಏಣಿ ಕಣ್ಣಿಗೆ ಬಿದ್ದರೂ ಹತ್ತುವ ತ್ರಾಣವಿರುತ್ತಿರಲಿಲ್ಲ. ಅತ್ತಿಗೆ ನಿದ್ದೆ ಮಾಡಿದಳೆಂದು ಅವ್ವ ದಿನವೂ ನನಗೆ ಕಣ್ಣಲ್ಲೇ ವರದಿ ಕೊಡುತ್ತಿದ್ದಳು. ಅತ್ತಿಗೆಯ ಕೆನ್ನೆ ಸ್ವಲ್ಪ ತುಂಬಿದ ಹಾಗೆ ಕಂಡಿತು. ನನಗೂ ಊಟ ರುಚಿಸತೊಡಗಿತು.

ಅಲ್ಲಿಗೆ ಬಿಟ್ಟಿದ್ದರೆ ಸರಿಯಾಗಿತ್ತು. ಮಕ್ಕಳ ತೊಡೆ ಕಂಬಕ್ಕೆ ಉಜ್ಜಿ ಕೆಂಪಾಗಿದ್ದು ಕಂಡು ನನಗೆ ವಸ್ತಾದನ ಮಾತು ನೆನಪಾಯಿತು. ಅಡುಗೆಮನೆಯಿಂದ ಹರಳೆಣ್ಣೆಯ ಕುಡಿಕೆ ತಂದು ಒಂದು ಸಂಜೆ ಮೇಟಿಗೆ ಬುಡದಿಂದ ತುದಿಯವರೆಗೂ ಹಚ್ಚಿ ತಿಕ್ಕಿದೆ. ಅವ್ವ ಕುಡಿಕೆ ನೋಡಿ ಕೂಗಾಡಿದಳು. "ಸೀಮೆಎಣ್ಣೆ ಕಣ್ಣಿಗೆ ಕಾಣದ ಕಾಲ್ದಲ್ಲಿ ದೀಪಕ್ಕೆ ಮಡಗಿದ್ದ ಎಣ್ಣೆ! ಕಂಬಕ್ಕೆ ಸುರುದ್ನಂತೆ ಕಂಬಕ್ಕೆ!" ಅಂದಿನಿಂದ ಕುಡಿಕೆ ಅವಳ ತಲೆದೆಸೆಗೆ ಹೋಯಿತು.

ನಮ್ಮ ಸೀಮೆಯಲ್ಲಿ ಒಂದು ವಿಷಯವಿದೆ. ದಾರಿಬದಿಯ ಕಲ್ಲು ಎಷ್ಟು ವರ್ಷ ಬೇಕಾದರೂ ಕಲ್ಲಾಗಿಯೇ ಇರಬಹುದು. ಯಾರಾದರೂ ಅದಕ್ಕೆ ಎಣ್ಣೆ ಹಚ್ಚಿದರೋ, ಅದು ಅಂದಿನಿಂದ ಕಲ್ಲಲ್ಲ. ಯಾರು ಹಚ್ಚಿದರು, ಯಾಕೆ ಹಚ್ಚಿದರು ಎಂದು ಕೇಳುವವರಿಲ್ಲ. ಹಚ್ಚಿದವರಿಗೆ ಏನೋ ಕಷ್ಟ, ಏನೋ ಕೋರಿಕೆ. ನಾವೂ ಒಂದು ಕುಂಕುಮ ಇಟ್ಟು ಹೋಗೋಣ ಎನ್ನುವುದು ನಮ್ಮ ಹೆಣ್ಣುಮಕ್ಕಳ ಗುಣ. ಅದು ಒಳ್ಳೆಯ ಗುಣವೇ. ನಾನು ಅಲ್ಲೇ ಹುಟ್ಟಿ ಬೆಳೆದವನು, ಟ್ರೈನಿಂಗ್ ಸ್ಕೂಲಿನ ಗುಂಗಿನಲ್ಲಿ ಅದನ್ನು ಮರೆತಿದ್ದೆ.

ಮಾರನೆಯ ಮಧ್ಯಾಹ್ನ ಮಕ್ಕಳನ್ನು ಕರೆದುಕೊಂಡು ಕಣಕ್ಕೆ ಹೋದರೆ ಮೇಟಿಗೆ ಅರಿಶಿನ ಬಳಿದಿತ್ತು. ಮೂರು ಬೆರಳಗಲ ಕುಂಕುಮ, ಕೊರಳಿಗೆ ಕಣಗಿಲೆ ಹೂ, ಬುಡದಲ್ಲಿ ಒಡೆದ ಕಾಯಿ. ನಾಲ್ಕಾರು ಹೆಂಗಸರು ಕೈಮುಗಿದು ನಿಂತಿದ್ದರು. ಪಕ್ಕದ ಮನೆಯ ಹನುಮಕ್ಕ ನನ್ನನ್ನು ಕಂಡು ಕಣ್ಣೊರೆಸಿಕೊಂಡಳು. "ಒಳ್ಳೇ ಕೆಲ್ಸ ಮಾಡ್ದೆ ಕಣಪ್ಪಾ. ಅತ್ತಿಗೆ ಹೆಸ್ರಲ್ಲಿ ಎಣ್ಣೆ ಮಜ್ಜನ ಮಾಡಿದೀಯ. ಇಂಥ ಮೈದ್ನ ಯಾರಿಗೆ ಸಿಕ್ತಾನೆ?" ಆಚೆ ಬೀದಿಯ ತೆಲುಗಿನ ಅಕ್ಕಮ್ಮ ಮೇಟಿಗೆ ಹಣೆ ಮುಟ್ಟಿಸಿ, "ಅಂತಾ ಮಂಚಿ ಜರಗನೀ ತಲ್ಲೀ", ಎಲ್ಲ ಒಳ್ಳೆಯದಾಗಲಿ ತಾಯೀ, ಎಂದು ಬೇಡಿಕೊಳ್ಳುತ್ತಿದ್ದಳು. ಅದು ಕಸರತ್ತಿಗೆ ಹಚ್ಚಿದ ಎಣ್ಣೆ ಎಂದು ಹೇಳಲು ನಾನು ಹತ್ತಿರ ಹೋದೆ. ಅಷ್ಟರಲ್ಲಿ ಗಂಗಿಯ ತಮ್ಮ ಎಂದಿನಂತೆ ಓಡಿಬಂದು ಕಂಬಕ್ಕೆ ಕಾಲು ಕೊಟ್ಟ. ಹನುಮಕ್ಕ ಅವನನ್ನು ಗಾಳಿಯಲ್ಲೇ ಹಿಡಿದು ಕೆನ್ನೆಗೆ ಎರಡು ಬಿಗಿದಳು.

ಮನೆಗೆ ಓಡಿ ಅವ್ವನಿಗೆ ಹೇಳಿದೆ. ಮೇಟಿ ಬರೀ ಕಂಬವೆಂದು ತೀರ್ಪು ಕೊಟ್ಟವಳು ಅವಳೇ ಅಲ್ಲವೆ? ಅವ್ವ ನಿಂತಲ್ಲೇ ತೀರ್ಪು ತಿರುಗಿಸಿಬಿಟ್ಟಳು. "ಎಣ್ಣೆ ನೀನೇ ಹಚ್ಚಿರ್ಬೌದು. ಹಚ್ಚು ಅಂತ ನಿನ್ನ ಬುದ್ಧಿಗೆ ಕೊಟ್ಟೋರು ಯಾರು?" ಇದಕ್ಕೆ ರಾಯದುರ್ಗದ ವಸ್ತಾದ ಎಂದು ಉತ್ತರ ಹೇಳುವ ಧೈರ್ಯ ನನಗಾಗಲಿಲ್ಲ. ಅವ್ವನ ಮುಖದಲ್ಲಿ ಆಸೆ ಅಷ್ಟು ಕಾಣುತ್ತಿತ್ತು.

ಹೀಗೆ ದೇವರು ರಜೆ ಮುಗಿಸಿ ಕೆಲಸಕ್ಕೆ ಬಂದರು, ಮಕ್ಕಳ ಕೆಲಸ ಹೋಯಿತು. ಕಣದಲ್ಲಿ ಹೆಂಗಸರ ಸಾಲು. ಮಕ್ಕಳಿಗೆ ಅಲ್ಲಿ ಜಾಗವಿಲ್ಲ. ಗೋಲಿ ಆಡಿಸಿದೆ, ಕಥೆ ಹೇಳಿದೆ, ಹುಣಸೆಬೀಜ ಎಣಿಸಿ ಎಂದೆ. ಒಮ್ಮೆ ತಲೆಕೆಳಗಾಗಿ ನಡೆದ ಮಕ್ಕಳು ಹುಣಸೆಬೀಜ ಎಣಿಸುತ್ತವೆಯೇ? ಎರಡೇ ದಿನಕ್ಕೆ ಮಾಳಿಗೆ ಮತ್ತೆ ದಡದಡ ಎಂದಿತು. ಅತ್ತಿಗೆಯ ಹಾಸಿಗೆ ಮೇಲೆ ಮಣ್ಣು. ಅವಳು ಬೆಚ್ಚಿ ಎದ್ದು ಕೂತವಳು ಮತ್ತೆ ಮಲಗಲಿಲ್ಲ. ಸಂಜೆ ಬಂದ ಮುದ್ದಮ್ಮ ಅವಳ ಕಾಲು ಒತ್ತಿ ನೋಡಿದಳು, ಬೆರಳು ಅದುಮಿದಲ್ಲಿ ಗುಳಿ ಹಾಗೇ ನಿಂತಿತು. "ಬಾವು ಬಂದೈತೆ. ನಿದ್ದೆ ಇಲ್ದಿದ್ರೆ ನನ್ನ ಕೈಯಾಗಿಲ್ಲ ನೋಡ್ರಪ್ಪಾ" ಎಂದು ಅಣ್ಣನ ಕಡೆ ನೋಡಿದಳು. ಅಣ್ಣ ಎದ್ದು ಹೊಲದ ಕಡೆ ಹೊರಟುಹೋದ. ಬಿಸಿಲಿಗೆ ಬಾಯಿ ಬಿಟ್ಟ ಹೊಲದಲ್ಲಿ ಆಗ ಅವನಿಗೆ ಏನೂ ಕೆಲಸವಿರಲಿಲ್ಲ.

ನಾನು ಕೋಣೆಯ ಹೊಸ್ತಿಲಲ್ಲಿ ಕೂತು ಅತ್ತಿಗೆಗೆ ಎಲ್ಲವನ್ನೂ ಹೇಳಿದೆ. ಗರಡಿ, ವಸ್ತಾದ, ಎಣ್ಣೆ, ಹನುಮಕ್ಕನ ಕಣ್ಣೀರು. ಅವಳಿಗೆ ಇದಾವುದೂ ತಿಳಿದಿರಲಿಲ್ಲ. ಕೇಳುತ್ತ ಕೇಳುತ್ತ ಅವಳ ಭುಜ ಅಲುಗತೊಡಗಿತು. ಅಳುತ್ತಿದ್ದಾಳೆಂದು ನಾನು ಗಾಬರಿಯಾದೆ. ಅವಳು ಸೆರಗು ಬಾಯಿಗಿಟ್ಟುಕೊಂಡು ನಗುತ್ತಿದ್ದಳು. ಅತ್ತಿಗೆ ನಕ್ಕದ್ದನ್ನು ನಾನು ಎಷ್ಟೋ ಕಾಲದಿಂದ ನೋಡಿರಲಿಲ್ಲ.

"ಅಲ್ಲ ಮೇಷ್ಟ್ರೇ" ಎಂದಳು ನಗು ತಡೆದು. "ದ್ಯಾವ್ರ ಮುಂದೆ ಜನ ಉರುಳುಸೇವೆ ಮಾಡಲ್ವಾ? ಹುಡುಗ್ರು ಲಾಗ ಹಾಕಿದ್ರೆ ಅದ್ಯಾಕೆ ಸೇವೆ ಆಗಬಾರ್ದು? ನಾನು ಹರಕೆ ಹೊತ್ತಿದೀನಿ ಅನ್ನಿ. ಹೆರಿಗೆ ಆಗೋಗಂಟ ದಿನಾ ಮದ್ಯಾನ ಲಾಗದ ಸೇವೆ."

ಇಂಥ ಬುದ್ಧಿ ಇಲಾಖೆಯ ಇನ್ಸ್‌ಪೆಕ್ಟರುಗಳಿಗೂ ಇರುವುದಿಲ್ಲ. ಅವ್ವ ಅದನ್ನು ಊರಿಗೆಲ್ಲ ಹೇಳಿದಳು. ಕಣದಲ್ಲಿ ಹೆಂಗಸರು ಹಿಂದೆ ಸರಿದು ಜಾಗ ಬಿಟ್ಟರು. ಕಂಬ ಹತ್ತುವುದಿಲ್ಲ, ಸುತ್ತಲೂ ಲಾಗ ಹಾಕಿಕೊಂಡು ಪ್ರದಕ್ಷಿಣೆ. ಕೈ ಮೇಲೆ ನಡೆದಾಗ ಕಾಲು ದೇವರ ಮುಖಕ್ಕೆ ಬರುತ್ತದಲ್ಲ ಎಂದು ಒಬ್ಬಳು ತಕರಾರು ತೆಗೆದಳು. ಹನುಮಕ್ಕ, "ತಲೆ ನೆಲಕ್ಕೆ ಮುಟ್ತದಲ್ಲೇ, ಅದೇ ನಮಸ್ಕಾರ" ಎಂದು ಬಾಯಿ ಮುಚ್ಚಿಸಿದಳು. ಗೋಪುರ ಕಟ್ಟಿ ಗಂಗಿ ಮೇಟಿಯ ನೆತ್ತಿಗೆ ಹೂ ಇಟ್ಟಾಗ ಅಕ್ಕಮ್ಮನ ಕಣ್ಣಲ್ಲಿ ನೀರು. ನನ್ನ ಸೀಟಿಗೂ ಮರ್ಯಾದೆ ಬಂತು. ಪೂಜೆಗೆ ಶಂಖ ಊದುವವರಿಗೆ ಸಿಗುವಂಥ ಮರ್ಯಾದೆ. ಮರುದಿನ ಬೇರೆ ಮನೆಗಳ ಮಕ್ಕಳೂ ಸೇವೆಗೆ ಬಂದವು. ಮಗನಿಗೆ ಜ್ವರ ಬಿಟ್ಟಿತೆಂದು ಒಬ್ಬಳು, ಎಮ್ಮೆ ಗಬ್ಬ ಕಟ್ಟಲೆಂದು ಒಬ್ಬಳು ತಮ್ಮ ತಮ್ಮ ಮಕ್ಕಳಿಂದ ಲಾಗ ಹಾಕಿಸಿದರು. ರಾಯದುರ್ಗದ ಶಾಲೆಯಲ್ಲಿ ಹೊಡೆದು ಬಡಿದರೂ ಇಷ್ಟು ಮಕ್ಕಳು ಡ್ರಿಲ್ಲಿಗೆ ಬರುತ್ತಿರಲಿಲ್ಲ. ಊರೇ ಮಧ್ಯಾಹ್ನ ಸದ್ದಿಲ್ಲದೆ ಮಲಗಿತು. ಅತ್ತಿಗೆಯೂ ಮಲಗಿದಳು. ಕಾಲಿನ ಬಾವು ಇಳಿಯಿತು.

ರಜೆ ಮುಗಿಯುವುದಕ್ಕೆ ಸ್ವಲ್ಪ ಮೊದಲು, ಒಂದು ಬೆಳಿಗ್ಗೆ, ಅವ್ವ ನನ್ನನ್ನು ಎಬ್ಬಿಸಿ, "ಮಕ್ಕಳನ್ನ ಕರ್ಕಂಡು ಕಣಕ್ಕೆ ಹೋಗು. ಕರೆಯೋಗಂಟ ಬರಬ್ಯಾಡ" ಎಂದಳು. ಮುದ್ದಮ್ಮ ಆಗಲೇ ಒಳಗಿದ್ದಳು. ಅಣ್ಣ ಜಗಲಿಯಲ್ಲಿ ಕಂಬಕ್ಕೊರಗಿ ಕೂತಿದ್ದ. ಅವನ ಮುಖ ನೋಡಲು ನನಗಾಗಲಿಲ್ಲ.

ಮಕ್ಕಳು ಕಣದಲ್ಲಿ ಲಾಗ ಹಾಕಿದವು, ತಂಗಳು ತಿಂದವು, ಮತ್ತೆ ಹಾಕಿದವು. ಬಿಸಿಲು ನೆತ್ತಿಗೆ ಬಂತು. ಮನೆಯಿಂದ ಸುದ್ದಿಯಿಲ್ಲ. ಹಿಂದಿನ ಎರಡು ಸಲವೂ ಹೀಗೇ ತಡವಾಗಿತ್ತಂತೆ ಎಂದು ನೆನಪಾಯಿತು. ಸೀಟಿ ಊದಿದರೆ ಗಾಳಿ ಮಾತ್ರ ಬಂತು. ಒಂದೊಂದಾಗಿ ಮಕ್ಕಳು ಸುಸ್ತಾಗಿ ಹುಲ್ಲಿನ ಮೇಲೆ ಉರುಳಿಕೊಂಡವು. ಗಂಗಿ ಮಾತ್ರ ನಿಂತಿದ್ದಳು. ಅವಳಿಗೂ ಏನೋ ಅರ್ಥವಾಗಿತ್ತು. "ಮಾವಾ, ನಾವೆಲ್ಲ ಹಾಕಾಯ್ತು. ನೀನೊಬ್ನೇ ಬಾಕಿ. ಅದಕ್ಕೇ ಏನೋ ತಡ ಆಗ್ತೈತೆ" ಎಂದಳು. ಈ ಸಲ ಅವಳು ತಮಾಷೆ ಮಾಡುತ್ತಿರಲಿಲ್ಲ.

ನಾನು ಉತ್ತರ ಕೊಡುವ ಮೊದಲೇ ಊರ ಕಡೆಯಿಂದ ಕೂಗು ಕೇಳಿತು. ತಿರುಗಿ ನೋಡಿದರೆ ನಮ್ಮ ಮಾಳಿಗೆಯ ಮೇಲೆ ಅಣ್ಣ. ಇಷ್ಟು ದಿನ ಬೆಕ್ಕನ್ನೂ ಆ ಮಾಳಿಗೆಗೆ ಬಿಡದವನು ಅದರ ಮೇಲೆ ಈ ತುದಿಯಿಂದ ಆ ತುದಿಗೆ ಓಡುತ್ತಿದ್ದ. ಹೆಗಲ ಮೇಲಿನ ವಲ್ಲಿಯನ್ನು ತಲೆಯ ಮೇಲೆ ಬೀಸುತ್ತಿದ್ದ. "ಹೆಣ್ಣು ಕಣೋ! ಇಬ್ರೂ ಚೆನ್ನಾಗವ್ರೆ ಕಣೋ!" ಎಂದು ಕುಪ್ಪಳಿಸುತ್ತಿದ್ದ. ಕೆಳಗಿಂದ ಅವ್ವ, "ಅಯ್ಯೋ ಇಳಿಯೋ ಮೂಳಾ, ಕೂಸಿನ ಮೇಲೆ ಮಣ್ಣು ಬೀಳ್ತೈತೆ" ಎಂದು ಕಿರುಚುವುದು ಕಣದವರೆಗೂ ಕೇಳಿಸಿತು. ಅವನು ಇಳಿಯಲಿಲ್ಲ.

ಆಮೇಲೆ ಏನಾಯಿತೆಂದು ನನಗೆ ಸರಿಯಾಗಿ ಗೊತ್ತಿಲ್ಲ. ನೆಲ ಮೇಲಕ್ಕೆ ಬಂತು, ಹುಣಸೆಮರ ಕೆಳಕ್ಕೆ ಹೋಯಿತು, ನಾನು ರಾಗಿಹುಲ್ಲಿನಲ್ಲಿ ಸೊಂಟ ಹಿಡಿದುಕೊಂಡು ಬಿದ್ದಿದ್ದೆ. ಮಕ್ಕಳು ಸುತ್ತ ನಿಂತು ಚಪ್ಪಾಳೆ ತಟ್ಟುತ್ತಿದ್ದವು. ಪಂಚೆಯ ಸ್ಥಿತಿ ಹೇಳುವಂತಿರಲಿಲ್ಲ. ಮೈ ಹಗುರಾಗಲು ಲಾಗ ಹಾಕಬೇಕೆಂದು ನಾನು ಮಕ್ಕಳಿಗೆ ಉಪದೇಶ ಮಾಡುತ್ತಿದ್ದೆ. ಮನಸ್ಸು ಹಗುರಾದರೆ ಲಾಗ ತಾನೇ ಬೀಳುತ್ತದೆಂದು ಟ್ರೈನಿಂಗ್ ಸ್ಕೂಲಿನಲ್ಲಿ ಯಾರೂ ಹೇಳಿರಲಿಲ್ಲ. ನನಗೆ ಅಳು ಬಂತು, ಅತ್ತುಬಿಟ್ಟೆ. ಸೊಂಟ ಉಳುಕಿತ್ತು, ಅದಕ್ಕೇ ಅಳುತ್ತಾನೆಂದು ಮಕ್ಕಳು ತಿಳಿದವು, ಅಷ್ಟರಿಂದ ಮಾನ ಉಳಿಯಿತು.

ಕುಂಟುತ್ತ ಮನೆಗೆ ಬಂದಾಗ ಅಣ್ಣ ಅಟ್ಟದಿಂದ ತೊಟ್ಟಿಲು ಇಳಿಸಿ ಒರೆಸುತ್ತಿದ್ದ. ಒಳಗೆ ಅತ್ತಿಗೆಯ ಕೂದಲ ತುಂಬ ಮಾಳಿಗೆಯ ಮಣ್ಣು. ಸೆರಗಿನ ಮರೆಯಲ್ಲಿ ಕೂಸು. ನನ್ನ ನಡಿಗೆ ನೋಡಿ ಅವಳು ಕೇಳಿದಳು: "ಹಾಕ್ದ್ರಾ ಮೇಷ್ಟ್ರೇ?" ನಾನು ತಲೆಯಾಡಿಸಿದೆ.

ಮಾರನೆಯ ದಿನ ಅವ್ವ ತಲೆದೆಸೆಯಿಂದ ಎಣ್ಣೆಯ ಕುಡಿಕೆ ತೆಗೆದು ನನ್ನ ಕೈಗಿಟ್ಟಳು. ಯಾವಾಗ ತುಂಬಿಸಿದ್ದಳೋ, ಕುಡಿಕೆ ತುಂಬ ಎಣ್ಣೆಯಿತ್ತು. "ಮೇಟಿಗೆ ಹಚ್ಚಿ ಬಾ, ಹೋಗು" ಎಂದಳು.

"ಯಾತಕ್ಕವ್ವ? ಪೂಜೆಗೋ, ಕಸರತ್ತಿಗೋ?"

"ಯಾತಕ್ಕಾರ ಆಗ್ಲಿ. ಹಚ್ಚು."

ನಾನು ಕುಂಟಿಕೊಂಡೇ ಹೋಗಿ, ಬುಡದಿಂದ ತುದಿಯವರೆಗೂ, ಕುಡಿಕೆ ಬರಿದಾಗುವವರೆಗೂ ಹಚ್ಚಿದೆ.